ಲಾಂಚಿನ ಕಟಾಂಜನ

ಲಾಂಚಿನ ರೇಲಿಂಗ್ ಬಿಚ್ಚಿ ಶಿರಸಿಗೆ ಒಯ್ದ ದಿನದಿಂದ ಹೊನ್ನಿ ಗಂಡನ ಹತ್ತಿರ ನೆಟ್ಟಗೆ ಮಾತಾಡಿರಲಿಲ್ಲ. ಬಡಿಸುವಾಗ ಅನ್ನದ ಪಾತ್ರೆಯ ಹತ್ತಿರ ಮಾತಾಡುತ್ತಿದ್ದಳು, ಹುಲ್ಲು ಹಾಕುವಾಗ ಎಮ್ಮೆಯ ಹತ್ತಿರ. "ಮಗ್ಳು ಆಚೆ ದಡದಲ್ಲಿ ಹೊಟ್ಟೆ ಹೊತ್ಕಂಡು ಕೂತದೆ. ಅಪ್ಪ ಅನ್ನೋನು ಈಚೆ ದಡದಲ್ಲಿ ಮೀಸೆ ತೀಡ್ಕಂಡು ಕೂತಾನೆ. ನೀ ಹುಲ್ಲು ತಿನ್ನು," ಎಂದು ಅವಳು ಎಮ್ಮೆಗೆ ಹೇಳಿದರೆ, ಅದು ತನಗೆ ಹೇಳಿದ್ದೆಂದು ಕೆರಿಯನಿಗೆ ತಿಳಿಯುತ್ತಿತ್ತು. ಎಮ್ಮೆಗೂ ತಿಳಿಯುತ್ತಿತ್ತೋ ಏನೋ, ಅದು ಹುಲ್ಲು ಬಿಟ್ಟು ಕೆರಿಯನ ಮುಖವನ್ನೇ ನೋಡುತ್ತಿತ್ತು.

ಕೆರಿಯ ಬಿಳಗಲ್ಲು ಕಡವಿನ ಲಾಂಚಿನ ಡ್ರೈವರ್. ಸಿದ್ದಾಪುರದ ಕಡೆಯಿಂದ ಬರುವ ಡಾಂಬರು ರಸ್ತೆ ಯಾರಿಗೂ ಹೇಳದೆ ಕೇಳದೆ ಹಿನ್ನೀರಿಗೆ ಇಳಿದುಬಿಡುತ್ತದಲ್ಲ, ಅದೇ ಕಡವು. ಆಚೆ ದಡದಲ್ಲಿ ಮೇಲಿನಕುಳಿ ಎಂಬ ಊರು. ಅಲ್ಲಿಯ ಜನ ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ, ಎಲ್ಲದಕ್ಕೂ ಈ ಲಾಂಚಿನಲ್ಲೇ ಈಚೆ ಬರಬೇಕು. ಇಲ್ಲವಾದರೆ ಕಾಡಿನ ಜೀಪು ದಾರಿಯಲ್ಲಿ ಸುತ್ತಬೇಕು. ಆ ದಾರಿಯಲ್ಲಿ ಹೋದವರ ಹೊಟ್ಟೆಯೊಳಗಿನ ಅನ್ನವೂ ಜಾಗ ಬದಲಿಸುತ್ತದೆ. ಲಾಂಚು ಹಳೆಯದು, ಕಬ್ಬಿಣದ್ದು. ಅಣೆಕಟ್ಟು ಕಟ್ಟಿದವರು ಬಿಟ್ಟುಹೋದ ಸಾಮಾನುಗಳಲ್ಲಿ ಊರಿನ ಉಪಯೋಗಕ್ಕೆ ಬಂದದ್ದು ಅದೊಂದೇ. ಅದರಲ್ಲಿ ಕೂರುವ ಹಲಗೆ ಕಡಿಮೆ, ನಿಲ್ಲುವ ಜಾಗ ಜಾಸ್ತಿ. ನಿಂತವರಿಗೆಲ್ಲ ಸುತ್ತಲಿನ ಕಟಾಂಜನವೇ ಗತಿ. ರೇಲಿಂಗ್ ಎಂದು ಎಲ್ಲರೂ ಹೇಳುವುದು ಅದಕ್ಕೇ.

ಆ ರೇಲಿಂಗಿನ ಕಂಬಗಳು ಬುಡದಲ್ಲಿ ತುಕ್ಕು ಹಿಡಿದು ಹಪ್ಪಳವಾಗಿದ್ದವು. ಕೆರಿಯ ಅಲ್ಲಲ್ಲಿ ತಂತಿ ಸುತ್ತಿ, ತಂತಿಯ ಮೇಲೆ ಬಣ್ಣ ಬಳಿದು ಹೇಗೋ ನಡೆಸಿಕೊಂಡು ಬಂದಿದ್ದ. ಒಂದು ದಿನ ಮೇಲಿನಕುಳಿಯ ಗೌಡರೊಬ್ಬರು ಹಿಂಡಿಯ ಮೂಟೆಗೆ ಒರಗಿದರು, ಮೂಟೆ ರೇಲಿಂಗಿಗೆ ಒರಗಿತು, ಗೌಡರು, ಮೂಟೆ, ರೇಲಿಂಗು ಮೂರೂ ಕೂಡಿ ನೀರಿಗೆ ಬಿದ್ದವು. ಗೌಡರನ್ನು ಎತ್ತಿದರು, ರೇಲಿಂಗನ್ನೂ ಎತ್ತಿದರು, ಹಿಂಡಿ ಮೀನಿನ ಪಾಲಾಯಿತು. ಸುದ್ದಿ ಮೊಬೈಲಿನಲ್ಲಿ ತಾಲೂಕು ಸುತ್ತಿ ಮೇಲಿನ ಸಾಹೇಬರಿಗೆ ಮುಟ್ಟಿತು. ಅವರು ಬಂದು ನೋಡಿ, ರೇಲಿಂಗ್ ಗಟ್ಟಿಯಾಗುವವರೆಗೆ ಲಾಂಚು ಓಡಬಾರದು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪೆಲ್ಲ ಶುರುವಾದದ್ದು ಆಮೇಲೆ.

ಕೆರಿಯನ ಒಬ್ಬಳೇ ಮಗಳು ಕಾವ್ಯಶ್ರೀಯನ್ನು ಕೊಟ್ಟದ್ದು ಮೇಲಿನಕುಳಿಯ ಸುನೀಲನಿಗೆ. ಹಿಂದಿನ ವರ್ಷ ಅವಳು ಬಸುರಿಯಾಗಿದ್ದಾಗ, ಗಾಳಿ ಜೋರಾಗಿ ಲಾಂಚು ನಿಂತಿತ್ತೆಂದು ಜೀಪಿನಲ್ಲಿ ಸುತ್ತಿ ತವರಿಗೆ ಬಂದಿದ್ದಳು. ಅಂಗಳದಲ್ಲಿ ಇಳಿಯುವಷ್ಟರಲ್ಲಿ ಬಸಿರು ಹೋಗಿತ್ತು. ಈ ಸಲ ಡಾಕ್ಟರಮ್ಮ, ಬೇಕಾದರೆ ಹೊತ್ತುಕೊಂಡು ಬನ್ನಿ, ಜೀಪಿಗೆ ಮಾತ್ರ ಹತ್ತಿಸಬೇಡಿ ಎಂದು ಕೈಮುಗಿದು ಹೇಳಿದ್ದರು. ಮೀನಿನ ದೋಣಿಗೆ ಹೊನ್ನಿ ಒಪ್ಪಲಿಲ್ಲ. ಆ ದೋಣಿಯಲ್ಲಿ ಕೂತು ಸೀನಿದರೂ ನೀರು ಒಳಗೆ ಬರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಆಸ್ಪತ್ರೆ ಇರುವುದೂ ಈಚೆ ದಡದಲ್ಲಿ. ಅದಲ್ಲದೆ ಒಂಬತ್ತಕ್ಕೆ ಬಿದ್ದ ಬಸುರಿಯನ್ನು ಹೊಳೆ ದಾಟಿಸಬಾರದು ಎಂಬುದು ಹೊನ್ನಿಯ ತಾಯಿ, ಅಜ್ಜಿ, ಅಜ್ಜಿಯ ಅತ್ತೆ ಎಲ್ಲರೂ ಪಾಲಿಸಿಕೊಂಡು ಬಂದ ಮಾತು. ಒಂಬತ್ತು ಬೀಳುವ ಮೊದಲು ಲಾಂಚು ಓಡಬೇಕು, ಮಗಳು ಈಚೆ ಬರಬೇಕು. ಕೆರಿಯನಿಗೆ ಲೋಕದಲ್ಲಿ ಬೇರೆ ಚಿಂತೆ ಇರಲಿಲ್ಲ, ಇದೊಂದೇ ಸಾಕಾಗಿತ್ತು.

ಪಂಚಾಯ್ತಿಯವರು ದುಡ್ಡಿಲ್ಲ ಎಂದರು. ಅದು ಅವರು ಯಾವಾಗಲೂ ಹೇಳುವ ಮಾತು, ಕೆಲವೊಮ್ಮೆ ನಿಜವೂ ಇರುತ್ತದೆ. ಆಗ ಮುಂದೆ ಬಂದವರು ಶಿವಲಿಂಗಪ್ಪನವರು. ಶಿರಸಿಯ ಅಡಿಕೆ ವ್ಯಾಪಾರಿ, ಮೂಲ ಬನವಾಸಿ ಕಡೆಯವರು. ಮೇಲಿನಕುಳಿಯ ಗುಡ್ಡದ ಮೇಲೆ ಹೋಮ್‌ಸ್ಟೇ ಕಟ್ಟಿಸುತ್ತಿದ್ದುದರಿಂದ ಆ ಊರಿನ ಬಡಜನರ ಕಷ್ಟ ಅವರ ಕಣ್ಣಿಗೆ ಇತ್ತೀಚೆಗೆ ಚೆನ್ನಾಗಿ ಕಾಣತೊಡಗಿತ್ತು. ಅವರು 'ಲಾಂಚ್ ಜೀರ್ಣೋದ್ಧಾರ ಸಮಿತಿ' ಎಂದು ಒಂದು ಸಮಿತಿ ಮಾಡಿದರು. ಜೀರ್ಣೋದ್ಧಾರ ಅನ್ನುವುದು ದೇವಸ್ಥಾನಕ್ಕಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಆ ಮಾತ ಇಲ್ಲಂದ್ರ ಜನ ಕೈ ಬಿಚ್ಚಂಗಿಲ್ರೀ," ಎಂದರು. ಕಾರ್ಯದರ್ಶಿ ವಾನಳ್ಳಿಯ ಸುಹಾಸ ಹೆಗಡೆ. ಸುತ್ತಮುತ್ತ ಯಾವ ಸಮಿತಿ ನೋಡಿದರೂ ಅವನೇ ಕಾರ್ಯದರ್ಶಿ. ವಾರಕ್ಕೊಮ್ಮೆಯಾದರೂ ಮೈಕು ಹಿಡಿಯದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ರೇಲಿಂಗಿನ ಕೆಲಸ ಶಂಭುಲಿಂಗನ ಪಾಲಿಗೆ ಬಂತು. ಶಿರಸಿಯ ಬನವಾಸಿ ರಸ್ತೆಯಲ್ಲಿ ಅವನ ವೆಲ್ಡಿಂಗ್ ಶಾಪು. ಪೇಟೆಯಲ್ಲಿ ಯಾವ ಗೇಟಿನ ಮೇಲೆ ನವಿಲು ಕಂಡರೂ ಅದು ಶಂಭುಲಿಂಗನ ನವಿಲು. ಅವನು ಲಾಂಚನ್ನು ನೋಡಲು ಬಂದವನು ದಡದಿಂದಲೇ ನೋಡಿದ; ನೀರೆಂದರೆ ಅವನಿಗೆ ಬಕೆಟಿನಲ್ಲಿದ್ದರೆ ಮಾತ್ರ ಸೇರುತ್ತಿತ್ತು.

"ಪೈಪೆಲ್ಲ ಗಟ್ಟಿ ಅದೆ. ಬುಡ ಒಂದು ಹೋಗಿದ್ದು," ಎಂದ ಕೆರಿಯ. "ಬುಡಕ್ಕೆ ಹೊಸ ಪ್ಲೇಟ್ ಬೆಸೆದು, ಅಡಿಗೆ ರಬ್ಬರ್ ಕೊಟ್ಟು ಬೋಲ್ಟ್ ಬಿಗಿದ್ರೆ ಆತು. ವಾರದ ಕೆಲ್ಸ."

"ವಾರದಾಗ ಮಾಡೂದು ಕೋಳಿಗೂಡು," ಎಂದ ಶಂಭುಲಿಂಗ. "ಇದು ಜೀರ್ಣೋದ್ಧಾರ ಐತ್ರಿ. ಮುಂದ ಎರಡು ನವಿಲು ಬರ್ತಾವ."

"ನವಿಲಿಗೆ ಈಜು ಬರ್ತದಾ?" ಎಂದು ಕೆರಿಯ ಕೇಳಿದ. ಯಾರೂ ನಗಲಿಲ್ಲ. ನಗುವವರನ್ನು ಆ ಸಮಿತಿಗೆ ಸೇರಿಸಿಕೊಂಡಿರಲಿಲ್ಲ.

ರೇಲಿಂಗು ಲಾರಿ ಹತ್ತಿ ಶಿರಸಿಗೆ ಹೋಯಿತು. ತುಕ್ಕು ಕೆರೆದರು, ಆಸಿಡ್ಡಿನಲ್ಲಿ ತೊಳೆದರು, ಸೊಟ್ಟಗಾದದ್ದನ್ನು ಕಾಯಿಸಿ ನೆಟ್ಟಗೆ ಮಾಡಿದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಶಂಭುಲಿಂಗನ ಶಾಪಿನಲ್ಲಿ ಕಿಟಕಿ, ಗೇಟು, ಬಾಲ್ಕನಿ ಎಲ್ಲ ಒಂದೇ ಗೋಡೆಗೆ ಒರಗಿರುತ್ತವೆ. ಲಾಂಚಿನ ಬಲಮಗ್ಗುಲು ಒಂದು ದಿನ ಯಲ್ಲಾಪುರದ ಹೊಸ ಮನೆಯೊಂದರ ಬಾಲ್ಕನಿಯಾಗಿ ಹೋಗಿಬಿಟ್ಟಿತು. ಮನೆಯವರು ಗೃಹಪ್ರವೇಶವನ್ನೂ ಮುಗಿಸಿ, ಬಾಲ್ಕನಿ ಒಂದು ಕಡೆ ಬಾಗಿರುವುದು ಈಗಿನ ಫ್ಯಾಶನ್ ಎಂದು ನೆಂಟರಿಗೆಲ್ಲ ತೋರಿಸಿದ್ದರು. ಬಿಚ್ಚಿಕೊಂಡು ಹೋಗುತ್ತೇವೆ ಎಂದರೆ ಬಿಡಲಿಲ್ಲ. ಕೊನೆಗೆ ಅವರನ್ನೂ ದಾನಿಗಳೆಂದು ಘೋಷಿಸಿದ ಮೇಲೆ ಒಪ್ಪಿದರು.

ದಾನಿಗಳ ಕಥೆಯೇ ಬೇರೆ. ನಮ್ಮ ಕಡೆ ದಾನ ಮಾಡಿದ್ದು ದೇವರಿಗೆ ಗೊತ್ತಾದರೆ ಸಾಲದು, ಹೋಗಿಬರುವವರಿಗೂ ಗೊತ್ತಾಗಬೇಕು. ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರಿರುತ್ತದೆ. ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಬೇಸಿಗೆಯಲ್ಲೂ ಫ್ಯಾನು ನಿಲ್ಲಿಸಿಟ್ಟ ಊರುಗಳಿವೆ. ಟ್ಯೂಬ್‌ಲೈಟಿನ ಮೇಲೆ ಅಜ್ಜ, ಅಪ್ಪ, ಮಗ ಮೂರು ತಲೆಮಾರಿನ ಹೆಸರು ಬರೆಸುತ್ತಾರೆ; ಇದ್ದಬದ್ದ ಬೆಳಕನ್ನೆಲ್ಲ ಹೆಸರೇ ಕುಡಿದುಬಿಡುತ್ತದೆ. ಹೀಗಿರುವಾಗ, ರೇಲಿಂಗಿನ ಒಂದೊಂದು ಕಂಬಕ್ಕೂ ಒಬ್ಬೊಬ್ಬ ದಾನಿ, ಕಂಬದ ನೆತ್ತಿಯಲ್ಲಿ ಹಿತ್ತಾಳೆ ತಗಡಿನ ಮೇಲೆ ಹೆಸರು ಎಂದು ಸುಹಾಸ ಹೇಳಿದ್ದೇ ತಡ, ಜನ ಮುಗಿಬಿದ್ದರು. ಮನ್ಮನೆ ಊರಿನವರು ಬಂದರು, ಯಲ್ಲಾಪುರದವರು ಬಂದರು, ಲಾಂಚನ್ನೇ ಕಾಣದವರು ಬಂದರು. ಕಂಬಗಳು ಮುಗಿದವು, ದಾನಿಗಳು ಮುಗಿಯಲಿಲ್ಲ. ಶಂಭುಲಿಂಗ ಕಂಬಗಳ ನಡುವೆ ಕಂಬ ನಿಲ್ಲಿಸಿದ, ಅವುಗಳ ನಡುವೆ ಇನ್ನೊಂದು ನಿಲ್ಲಿಸಿದ. ಕೊನೆಗೆ ರೇಲಿಂಗಿನ ಸಂದಿಯಲ್ಲಿ ಕೈ ತೂರಿಸುವುದಿರಲಿ, ಬಾಳೆಹಣ್ಣು ತೂರಿಸುವುದೂ ಕಷ್ಟವಾಯಿತು. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ ಹಾಗೆ.

ಅಷ್ಟಾದ ಮೇಲೆ ಜಗಳ ಶುರುವಾಯಿತು. ಲಾಂಚಿನ ಮೂತಿಯ ಕಂಬ ಶಿವಲಿಂಗಪ್ಪನವರದು, ಅದಕ್ಕೆ ಎದುರಾಡುವವರಿರಲಿಲ್ಲ. ಅವರ ಪಕ್ಕದ ಕಂಬ ಯಾರದು, ಇಂಜಿನ್ನಿನ ಹೊಗೆ ಬರುವ ಕಡೆ ಯಾರು ನಿಲ್ಲಬೇಕು, ತೀರಿಕೊಂಡವರ ಹೆಸರು ಬದುಕಿದ್ದವರ ಹೆಸರಿಗಿಂತ ಮುಂದೆ ಬರಬಹುದೇ ಎಂದು ಸಭೆಯ ಮೇಲೆ ಸಭೆ ನಡೆಯಿತು. ಪ್ರತಿ ಸಭೆಗೂ ಉಪ್ಪಿಟ್ಟು. ಇತ್ತ ಕಾವ್ಯಶ್ರೀಗೆ ಏಳು ತುಂಬಿ ಎಂಟು ಬಿದ್ದಿತು.

"ರೇಲಿಂಗ್ ಯಾವಾಗ ಬರ್ತದೆ ಅಂತ ಕೇಳ್ಕಂಡು ಬಾ. ಕೇಳ್ದೇ ಇದ್ರೆ ನೀನೂ ಬರ್ಬೇಡ," ಎಂದು ಹೊನ್ನಿ ಕೊನೆಗೊಮ್ಮೆ ಎಮ್ಮೆಯನ್ನು ಬಿಟ್ಟು ಗಂಡನಿಗೇ ಹೇಳಿದಳು.

ಕೆರಿಯ ಶಿರಸಿಗೆ ಹೋದಾಗ ಶಾಪಿನ ಅಂಗಳದಲ್ಲಿ ರೇಲಿಂಗನ್ನು ಲಾಂಚಿನ ಆಕಾರಕ್ಕೇ ಜೋಡಿಸಿ ನಿಲ್ಲಿಸಿದ್ದರು. ಶಿವಲಿಂಗಪ್ಪ, ಸುಹಾಸ, ಶಂಭುಲಿಂಗ ಸುತ್ತಲೂ ನಿಂತು ನೋಡುತ್ತಿದ್ದರು. ಬಣ್ಣ ಹೊಸದಾಗಿ ಮಿಂಚುತ್ತಿತ್ತು, ನವಿಲುಗಳು ಕತ್ತು ಎತ್ತಿದ್ದವು. ಎಡಮಗ್ಗುಲಿನ ನಡುವೆ ಮಾತ್ರ ಒಬ್ಬ ಆಳು ಹಾಯುವಷ್ಟು ಜಾಗದಲ್ಲಿ ಕಂಬವೂ ಇರಲಿಲ್ಲ, ಪೈಪೂ ಇರಲಿಲ್ಲ. ಹಿಂದೆ ಅಲ್ಲೊಂದು ಸರಪಳಿ ಇರುತ್ತಿತ್ತು. ಅದನ್ನು ಗುಜರಿಗೆ ಹಾಕಿದ್ದರು.

"ಇದೊಂದು ಜಾಗಾ ದಂಡ ಆಗೇತಲ್ರಿ," ಎಂದರು ಶಿವಲಿಂಗಪ್ಪ. "ಇಲ್ಲೂ ಒಬ್ಬರನ್ನ ನಿಲ್ಲಿಸಬಹುದು."

ಅದು ಬಾಗಿಲು ಎಂಬ ಮಾತು ಕೆರಿಯನ ಬಾಯಿಗೆ ಬಂತು. ಅದು ಹೊರಗೆ ಬೀಳುವ ಮೊದಲೇ ಶಿವಲಿಂಗಪ್ಪನವರು ಅವನ ಹೆಗಲ ಮೇಲೆ ಕೈ ಹಾಕಿದರು. ಅಷ್ಟು ದೊಡ್ಡ ವ್ಯಾಪಾರಿ ಅವನ ಹೆಗಲು ಮುಟ್ಟಿದ್ದು ಅದೇ ಮೊದಲು.

"ಕೆರಿಯಣ್ಣ, ಇಷ್ಟು ವರ್ಷ ಲಾಂಚ್ ನಡಿಸೀ. ನಿಂದೊಂದು ಹೆಸರು ಬ್ಯಾಡೇನು? ನಿಂದು ಬ್ಯಾಡಂದ್ರ ನಿಮ್ಮವ್ವಂದು ಹಾಕಸೂಣು. ನೀ ಏನೂ ಕೊಡೂದು ಬ್ಯಾಡ. ಆ ಜಾಗಾ ನಿಂದು."

ಕೆರಿಯನ ತಾಯಿಯ ಹೆಸರು ಸುಬ್ಬಿ. ಅಣೆಕಟ್ಟು ಕಟ್ಟಿದಾಗ ಅವಳ ಮನೆ, ಗದ್ದೆ, ಬಾವಿ, ತುಳಸಿಕಟ್ಟೆ ಎಲ್ಲ ಈ ನೀರಿನಡಿಗೆ ಹೋದವು. ಅಣೆಕಟ್ಟಿನ ಮೇಲೊಂದು ಅಮೃತಶಿಲೆಯ ಫಲಕ ಇದೆ. ಅದರಲ್ಲಿ ಅಡಿಗಲ್ಲು ಇಟ್ಟವರ ಹೆಸರಿದೆ, ಪರದೆ ಎಳೆದವರ ಹೆಸರಿದೆ, ಆ ದಿನ ಬರಲಾಗದೆ ಶುಭ ಕೋರಿದವರ ಹೆಸರೂ ಇದೆ. ಮನೆ ಬಿಟ್ಟು ಎದ್ದು ಬಂದವರ ಹೆಸರು ಎಲ್ಲಿಯೂ ಇಲ್ಲ. ಸುಬ್ಬಿ ಸಾಯುವವರೆಗೂ ಕಡವಿಗೆ ಬಂದು ಕೂತು, ಅಲ್ಲಿ ನಮ್ಮ ಕೊಟ್ಟಿಗೆ, ಅಲ್ಲಿ ನಮ್ಮ ಹಲಸು ಎಂದು ನೀರಿನ ಕಡೆ ಬೆರಳು ತೋರಿಸುತ್ತಿದ್ದಳು. ಅವಳ ಹೆಸರು ಆ ನೀರಿನ ಮೇಲೆಯೇ ಹಿತ್ತಾಳೆಯಲ್ಲಿ ಹೊಳೆಯುತ್ತದೆ ಎಂದು ಯೋಚಿಸಿದ್ದೇ ಕೆರಿಯ ತಲೆಯಾಡಿಸಿಬಿಟ್ಟ. ಬಾಗಿಲಿನ ಮಾತು ಬಾಯಲ್ಲೇ ಉಳಿಯಿತು.

"ಬೇಕಾದಾಗ ತೆಗೆಯೋ ಹಂಗೆ ಮಾಡ್ತೀರಲ್ಲ?" ಎಂದಷ್ಟೇ ಶಂಭುಲಿಂಗನನ್ನು ಕೇಳಿದ.

"ಎಲ್ಲಾ ಆಗತೈತಿ, ನೀವು ಸುಮ್ಕಿರ್ರಿ," ಎಂದ ಶಂಭುಲಿಂಗ. ಎಲ್ಲಾ ಆಗತೈತಿ ಎಂದರೆ ಏನೂ ಆಗುವುದಿಲ್ಲ ಎಂಬುದು ಶಿರಸಿಯಲ್ಲಿ ಗೇಟು ಮಾಡಿಸಿದವರಿಗೆಲ್ಲ ಗೊತ್ತು. ಕೆರಿಯನಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಬಸ್ಸು ಹತ್ತಿದ. ಮನೆಗೆ ಬಂದು ಹೊನ್ನಿಗೆ ಉದ್ಘಾಟನೆಯ ದಿನ ಹೇಳಿದ, ಕಂಬದ ವಿಷಯ ಹೇಳಲಿಲ್ಲ. ಹೊನ್ನಿ ಬೆರಳು ಮಡಿಚಿ ಎಣಿಸಿದಳು. ಒಂಬತ್ತು ಬೀಳುವುದು ಉದ್ಘಾಟನೆಯ ಮರುದಿನ. ಅಂತೂ ದೇವರು ಕಣ್ಣು ಬಿಟ್ಟ ಎಂದು ಅವಳು ಆ ರಾತ್ರಿ ಗಂಡನಿಗೆ ಎರಡು ಮೀನು ಜಾಸ್ತಿ ಬಡಿಸಿದಳು. ಕೆರಿಯ ಎರಡನ್ನೂ ತಟ್ಟೆಯ ಅಂಚಿಗೆ ಸರಿಸಿದ.

ರೇಲಿಂಗ್ ಕೂರಿಸುವಾಗ ಲಾಂಚು ದಡದ ಮೇಲೆ, ಮರದ ದಿಮ್ಮಿಗಳ ಮೇಲಿತ್ತು. ಕೆಲಸದವರು ಹಿಂದಿನಿಂದ ಏಣಿ ಹಾಕಿ ಹತ್ತುತ್ತಿದ್ದರು, ಏಣಿಯಲ್ಲೇ ಇಳಿಯುತ್ತಿದ್ದರು. ಬಾಗಿಲು ಯಾರಿಗೂ ಬೇಕಾಗಲಿಲ್ಲ. ಬೋಲ್ಟುಗಳನ್ನೆಲ್ಲ ಕೆರಿಯ ತಾನೇ ಬಿಗಿದ. ಅಡಿಗೆ ರಬ್ಬರು ಕೊಟ್ಟ, ಸಂದಿಗೆ ಅಂಟು ತುಂಬಿದ, ಒಂದೊಂದು ಕಂಬವನ್ನೂ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿದ. ಗೌಡರಲ್ಲ, ಆನೆ ಒರಗಿದರೂ ಅಲುಗುವಂತಿರಲಿಲ್ಲ. ತಾಯಿಯ ಕಂಬದ ಹತ್ತಿರ ಬಂದಾಗ, ಅದರ ಎರಡು ಪಕ್ಕದ ಪೈಪುಗಳನ್ನೂ ಶಂಭುಲಿಂಗನ ಹುಡುಗರು ಅಕ್ಕಪಕ್ಕದ ಕಂಬಗಳಿಗೆ ಬೆಸೆದುಬಿಟ್ಟಿದ್ದು ಕಂಡಿತು. ಬಿಚ್ಚುವ ಮಾತೇ ಇರಲಿಲ್ಲ. ಉದ್ಘಾಟನೆ ಒಂದು ಮುಗಿಯಲಿ, ಹೇಗೂ ದಾರಿಯಾಗುತ್ತದೆ ಎಂದುಕೊಂಡ. ಆಮೇಲೆ ಹುಣಸೆಹಣ್ಣು ತಂದು 'ದಿವಂಗತ ಸುಬ್ಬಿ' ಎಂಬ ತಗಡನ್ನು ಬೆಳಗಿದ.

ಉದ್ಘಾಟನೆಗೆ ಲಾಂಚು ನೀರಿಗಿಳಿಯಿತು, ಶಾಮಿಯಾನ ಬಂತು, ಮೈಕು ಬಂತು, ಉಪ್ಪಿಟ್ಟು ಬಂತು. ಸಾಹೇಬರು ದಡದಿಂದಲೇ ರೇಲಿಂಗ್ ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ, ಓಡಿಸಬಹುದು ಎಂದು ಹೇಳಿ ಹೋದರು. ಸುಹಾಸ ಮೈಕಿನಲ್ಲಿ, ಇದು ಬರಿಯ ರೇಲಿಂಗ್ ಅಲ್ಲ, ಮಾನವೀಯತೆಯ ಕೈಹಿಡಿ ಎಂದ. ದಾನಿಗಳ ಹೆಸರನ್ನು ಒಂದೊಂದಾಗಿ ಓದಿದ. ಓದಿ ಮುಗಿಯುವಷ್ಟರಲ್ಲಿ ಲಾಂಚು ಎರಡು ಸಲ ಹೋಗಿ ಬರಬಹುದಿತ್ತು. ಹೊನ್ನಿ ಮಗಳಿಗೆಂದು ಮಾಡಿದ ಸಿಹಿಕಡುಬಿನ ಡಬ್ಬಿ ಹಿಡಿದು ಬಿಸಿಲಲ್ಲಿ ನಿಂತಿದ್ದಳು. ಆಚೆ ದಡದ ಕಲ್ಲಿನ ಮೇಲೆ ಒಂದು ಕೊಡೆ ಕಾಣುತ್ತಿತ್ತು. ಅದರಡಿ ಕಾವ್ಯಶ್ರೀ.

ಲಾಂಚಿನ ಎಡಮಗ್ಗುಲಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಶಿವಲಿಂಗಪ್ಪನವರು ಕತ್ತರಿ ಆಡಿಸಿದರು, ಚಪ್ಪಾಳೆ ಬಿತ್ತು. ಒಳಗೆ ಹೋಗಲೆಂದು ಬಲಗಾಲು ಮುಂದಿಟ್ಟರು. ರಿಬ್ಬನ್ ಹೋಗಿತ್ತು, ಅದರ ಹಿಂದೆ ರೇಲಿಂಗ್ ಹಾಗೇ ಇತ್ತು. ಶಿವಲಿಂಗಪ್ಪನವರು ಎಡಕ್ಕೆ ನಾಲ್ಕು ಹೆಜ್ಜೆ ಹೋದರು, ಅಲ್ಲೂ ದಾನಿಗಳು. ಬಲಕ್ಕೆ ಬಂದರು, ಅಲ್ಲೂ ದಾನಿಗಳು.

"ಬಾಗ್ಲು ಎಲ್ಲಿದ್ದು ಮಾರಾಯಾ," ಎಂದು ಸುಹಾಸನಿಗೆ ಮೈಕಿನಲ್ಲೇ ಮನೆಮಾತು ಬಂದುಬಿಟ್ಟಿತು.

ಎಲ್ಲರೂ ಶಂಭುಲಿಂಗನನ್ನು ನೋಡಿದರು. "ನೀವು ಖಾಲಿ ಜಾಗಾ ತುಂಬಿಸಂದ್ರಿ, ತುಂಬಸೇನಿ," ಎಂದ ಅವನು. ಶಿವಲಿಂಗಪ್ಪ ಸಾವರಿಸಿಕೊಂಡು, "ಭದ್ರತಾ ಅಂದ್ರ ಹಿಂಗ ಇರಬೇಕು. ಸುಮ್ಮಸುಮ್ಮನ ಯಾರೂ ಒಳಗ ಬರಬಾರದು," ಎಂದರು. ಪ್ಲಾಸ್ಟಿಕ್ ಕುರ್ಚಿ ತರಿಸಿ, ಅದರ ಮೇಲೆ ಹತ್ತಿ, ಒಂದು ಕಾಲನ್ನು ರೇಲಿಂಗಿನಾಚೆ ಹಾಕಿದರು. ಹಾಕಿದವರು ಅಲ್ಲೇ ಉಳಿದರು. ಆಚೆಗೂ ಹೋಗಲಾಗದೆ ಈಚೆಗೂ ಬರಲಾಗದೆ ತಮ್ಮದೇ ಮಾವನವರ ಹೆಸರಿನ ಕಂಬದ ಮೇಲೆ ಕುದುರೆ ಸವಾರಿ ಮಾಡುತ್ತಿದ್ದಾಗ ಫೋಟೋದವನು ಇದೇ ಉದ್ಘಾಟನೆಯ ಭಂಗಿ ಎಂದು ಮೂರು ಫೋಟೋ ಹೊಡೆದ. ಹಾರಿ ಒಳಗೆ ಹೋದ ನಾಲ್ಕು ಜನ ಅಲ್ಲಿಂದ ಎಳೆದು, ಇಬ್ಬರು ಹೊರಗಿನಿಂದ ದಬ್ಬಿ ಅವರನ್ನು ಒಳಗೆ ಹಾಕಿದರು. ಉಳಿದವರನ್ನೂ, ಶಂಭುಲಿಂಗನನ್ನೂ ಹಾಗೆಯೇ ತುಂಬಿದರು. ಅವನು ನೆಲದ ಮೇಲೆ ಕೂತು ಕಣ್ಣು ಮುಚ್ಚಿದ. ಸಮಿತಿಯ ಊಟ ಆಚೆ ದಡದ ಹೋಮ್‌ಸ್ಟೇಯಲ್ಲಿ ಇಟ್ಟಿದ್ದರು. ಅದಿಲ್ಲದಿದ್ದರೆ ಯಾರೂ ಅಷ್ಟು ಕಷ್ಟಪಡುತ್ತಿರಲಿಲ್ಲ.

ಹೊನ್ನಿ ಸೀರೆ ಎತ್ತಿಕಟ್ಟಿ, ಡಬ್ಬಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದೊಂದು ಬಾಕಿ, ಒಂದೇ ನೆಗೆತಕ್ಕೆ ಒಳಗೆ ಬಂದಳು. ಬಂದವಳು ರೇಲಿಂಗನ್ನು ನೋಡಿದಳು, ಗಂಡನನ್ನು ನೋಡಿದಳು.

"ನಾವು ಹತ್ತಿದ್ವಿ. ಮಗ್ಳು ಹೆಂಗೆ ಹತ್ತದು?"

"ಆಚೆ ಹೋಗಿ ನೋಡುವ," ಎಂದು ಕೆರಿಯ ಇಂಜಿನ್ ಶುರುಮಾಡಿದ. ಇಂಜಿನ್ ಶಬ್ದವಿದ್ದಷ್ಟು ಹೊತ್ತು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬುದೊಂದು ಡ್ರೈವರುಗಳ ಸುಖ. ಆದರೆ ಹೊನ್ನಿ ಸಾಕ್ಷರತೆ ಕ್ಲಾಸಿಗೆ ಹೋಗಿ ಬಂದವಳು. ಬಾಗಿಲಿರಬೇಕಾದ ಜಾಗದಲ್ಲಿ ನಿಂತು ಹಿತ್ತಾಳೆಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಓದಿ, ಡ್ರೈವರನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು.

"ಬದುಕಿದ್ದಾಗ್ಲೂ ನಿಮ್ಮವ್ವ ಬಾಗ್ಲಿಗೆ ಅಡ್ಡ ಕೂತ್ಕಂಡೇ ಇರ್ತಿತ್ತು. ಈಗ ನೀನೇ ಕರ್ಕಂಡು ಬಂದು ಕೂರ್ಸಿದೀಯ."

ಕೆರಿಯ ನೀರನ್ನೇ ನೋಡುತ್ತ ಲಾಂಚು ಓಡಿಸಿದ. ಅವನಿಗೆ ನಾಚಿಕೆಯಾಗಿತ್ತು, ಹೆದರಿಕೆಯೂ ಆಗಿತ್ತು. ಆಚೆ ದಡದ ಕಲ್ಲುಕಟ್ಟೆಗೆ ಲಾಂಚನ್ನು ತಂದು ನಿಲ್ಲಿಸಿದಾಗ ಸುನೀಲ ಕೊಡೆ ಮಡಿಚಿ, ಬ್ಯಾಗು ಹೆಗಲಿಗೇರಿಸಿದ. ಕಾವ್ಯಶ್ರೀ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು. ಹೊಟ್ಟೆ ತುಂಬಿ ಕೆಳಗಿಳಿದಿತ್ತು, ಪಾದಗಳು ಊದಿಕೊಂಡಿದ್ದವು. ಅವಳು ಮೊದಲು ನೋಡಿದ್ದು ತನ್ನ ಎದುರಿಗಿದ್ದ ತಗಡನ್ನು.

"ಅಜ್ಜಿ ಹೆಸ್ರು ಎಷ್ಟು ಚಂದ ಬರ್ಸಿದೀಯ ಅಪ್ಪಾ," ಎಂದಳು.

ಹೊನ್ನಿಯ ಬೈಗುಳ ತಡೆದುಕೊಂಡಿದ್ದ ಕೆರಿಯನಿಗೆ ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮುಖ ಆಚೆ ತಿರುಗಿಸಿದ.

ಸುಹಾಸ ಜೊತೆಗೆ ತಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಒಳಗಿನಿಂದ ದಡಕ್ಕೆ ದಾಟಿಸಿದ. ಸುನೀಲ ಅದನ್ನು ಪಾಚಿಗಟ್ಟಿದ ಕಲ್ಲಿನ ಮೇಲೆ ಒತ್ತಿ ಹಿಡಿದ. ಕಾವ್ಯಶ್ರೀ ಒಂದು ಕಾಲು ಎತ್ತಿ ಇಟ್ಟಳು. ಕುರ್ಚಿ ಜಾರಿತು, ಸುನೀಲ ಜಾರಿದ, ಅವಳು ಹೇಗೋ ಕಾಲು ಹಿಂದೆಳೆದುಕೊಂಡು ಹೊಟ್ಟೆ ಹಿಡಿದು ನಿಂತಳು. "ಬೇಡ, ಇಳಿ, ಇಳಿ," ಎಂದು ಹೊನ್ನಿ ಒಳಗಿನಿಂದಲೇ ಕೂಗಿದಳು. ನಾಲ್ಕು ಜನ ಎತ್ತಿ ದಾಟಿಸೋಣ ಎಂದು ಯಾರೋ ಅಂದರು. ಅಂದವರ ಕಡೆ ಹೊನ್ನಿ ನೋಡಿದ ನೋಟಕ್ಕೆ ಅವರು ಇಂಜಿನ್ನಿನ ಹಿಂದೆ ಹೋದರು.

"ಇದನ್ನ ಕೊಯ್ದ್ರೆ ಆತು," ಎಂದಳು ಹೊನ್ನಿ.

"ಅದು ಹೆಂಗ ಬರ್ತೈತಿ?" ಎಂದರು ಶಿವಲಿಂಗಪ್ಪ. "ಉದ್ಘಾಟನಾ ಆದ ದಿನಾನ ಕೊಯ್ಯೂದು ಅಪಶಕುನ. ಅದರ ಪೈಪ್ ನಮ್ಮ ಮಾವನವರ ಕಂಬಕ್ಕ ಬೆಸದೈತಿ, ಆ ಕಡೆ ಯಲ್ಲಾಪುರದವರ ಕಂಬ. ದಾನಿಗಳ ಮನಸ್ಸು ನೋಯಿಸಬಾರದು. ಬರೋ ವಾರ ಸಭಾ ಕರದು ಒಂದು ಠರಾವು ಮಾಡೂಣು."

"ಬರೋ ವಾರ ಒಂಬತ್ತು ಬಿದ್ದಿರ್ತದೆ," ಎಂದಳು ಹೊನ್ನಿ.

"ಹಂಗಾದ್ರ ಆ ಹುಡುಗಿ ಇಲ್ಲೇ ಇರಲಿ ಬಿಡ್ರಿ. ಹಿಂದಿನ ಕಾಲದಾಗ ಯಾರ ಆಸ್ಪತ್ರಿಗೆ ಹೋಗ್ತಿದ್ರು?"

ಕೆರಿಯ ಇಂಜಿನ್ ಆರಿಸಿದ. ಸೀಟಿನಡಿಯ ಪೆಟ್ಟಿಗೆ ತೆರೆದು ಕಬ್ಬಿಣ ಕೊಯ್ಯುವ ಗರಗಸ ತೆಗೆದ. ಬಾಗಿಲ ಹತ್ತಿರ ಬಂದು ಮಂಡಿಯೂರಿ ಕೂತು, ತಾಯಿಯ ಕಂಬದ ಬುಡಕ್ಕೆ ಗರಗಸ ಇಟ್ಟ.

"ಏ ಕೆರಿಯಣ್ಣ, ಅದು ಸಮಿತಿ ಆಸ್ತಿ ಐತಿ."

"ಇದು ನಮ್ಮವ್ವನ ಕಂಬ," ಎಂದ ಕೆರಿಯ. "ಈ ಜಾಗಾ ನಂದು ಅಂತ ನೀವೇ ಹೇಳಿದ್ರಿ."

ತಾನೇ ಬಿಗಿದು ಅಂಟು ತುಂಬಿದ ಬೋಲ್ಟು ಬಿಚ್ಚುವಂತಿರಲಿಲ್ಲ, ಕಂಬವೂ ಗಟ್ಟಿಯಾಗಿತ್ತು. ಗರಗಸ ಹಿಂದೆ ಮುಂದೆ ಹೋದ ಹಾಗೆ ಹೊಸ ಬಣ್ಣ ಪುಡಿಪುಡಿಯಾಗಿ ಅವನ ಮಂಡಿಯ ಮೇಲೆ ಬಿತ್ತು. ಬೆವರು ಕಣ್ಣಿಗೆ ಇಳಿಯಿತು. ಅದು ಬೆವರೊಂದೇ ಅಲ್ಲವೆಂದು ಹೊನ್ನಿಗೆ ಗೊತ್ತಾಗಿ ಅವಳು ಸೆರಗಿನಿಂದ ಒರೆಸಿದಳು. ಅಕ್ಕಪಕ್ಕದ ಪೈಪುಗಳಿಗೆ ಗರಗಸ ಹಾಕಿದಾಗ, ನೆಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಶಂಭುಲಿಂಗ ಶಬ್ದ ಕೇಳಿಯೇ, "ಅಲ್ಲೆ ಬ್ಯಾಡ್ರಿ, ಬೆಸಿಗಿ ಮ್ಯಾಲ ಕೊಯ್ರಿ, ಲಗೂ ಬರ್ತೈತಿ. ನಮ್ಮ ಹುಡುಗ್ರ ಬೆಸಿಗಿ ನನಗ ಗೊತ್ತೈತಿ," ಎಂದ. ಅವನು ಹೇಳಿದಂತೆಯೇ ಆಯಿತು. ನಾಲ್ಕು ಎಳೆತಕ್ಕೆ ಬೆಸುಗೆ ಬಿಟ್ಟುಕೊಂಡಿತು. ಕೆರಿಯ ಪೈಪುಗಳನ್ನು ಬೇರೆ ಮಾಡಿ, ಕಂಬವನ್ನು ಎತ್ತಿ ಪಕ್ಕಕ್ಕೆ ಹಿಡಿದ. ಬಾಗಿಲು ಬಾಗಿಲಾಯಿತು.

ಆದದ್ದೇ ತಡ, ಸಮಿತಿ ನುಗ್ಗಿತು. ಶಿವಲಿಂಗಪ್ಪ ಮೊದಲು, ಅವರ ಹಿಂದೆ ಸುಹಾಸ, ಅವನ ಹಿಂದೆ ಮನ್ಮನೆಯವರು, ಯಲ್ಲಾಪುರದವರು, ಫೋಟೋದವನು. ಊಟ ಆರುತ್ತದೆ, ಊಟ ಆರುತ್ತದೆ ಎನ್ನುತ್ತ ಎಲ್ಲರೂ ಕಾವ್ಯಶ್ರೀಯನ್ನು ದಾಟಿಕೊಂಡು ಗುಡ್ಡದ ಕಡೆ ನಡೆದರು. ಅವಳು ಕಲ್ಲಿನ ಅಂಚಿಗೆ ಸರಿದು, ಹೊಟ್ಟೆಗೆ ಕೈ ಅಡ್ಡ ಹಿಡಿದು ಅವರಿಗೆಲ್ಲ ದಾರಿ ಬಿಟ್ಟಳು. ಶಂಭುಲಿಂಗ ಮಾತ್ರ ಇಳಿಯಲಿಲ್ಲ; ಕಣ್ಣು ತೆರೆಯದೆ ಇಳಿಯುವುದು ಅವನಿಂದ ಆಗುವಂತಿರಲಿಲ್ಲ. "ಅಲ್ಲೇ ಕೂತು ಠರಾವು ಮಾಡ್ಲಿ ಅವ್ರು," ಎಂದು ಹೊನ್ನಿ ಗುಡ್ಡ ಹತ್ತುತ್ತಿದ್ದ ಸಮಿತಿಯನ್ನು ನೋಡಿ ಹೇಳಿದಳು.

ಈಗ ಕಲ್ಲುಕಟ್ಟೆಗೂ ಲಾಂಚಿಗೂ ನಡುವೆ ಒಂದು ಗೇಣು ನೀರಿತ್ತು. ಅಷ್ಟು ಜನ ಇಳಿದದ್ದಕ್ಕೆ ಲಾಂಚು ಹಗುರಾಗಿ ಮೇಲೆ ಕೆಳಗೆ ಆಡುತ್ತಿತ್ತು. ಕಾವ್ಯಶ್ರೀ ಕಾಲೆತ್ತಿದಳು, ಹಿಡಿದುಕೊಳ್ಳಲು ಅತ್ತಿತ್ತ ಕೈ ಚಾಚಿದಳು. ಅಷ್ಟೊಂದು ಕಂಬಗಳಿದ್ದವು, ಸಂದಿಯಲ್ಲಿ ಬೆರಳು ತೂರುತ್ತಿರಲಿಲ್ಲ. ಬಾಗಿಲಲ್ಲಿ ಏನೂ ಉಳಿದಿರಲಿಲ್ಲ. ಅವಳು ಹೆದರಿ ಕಾಲು ಹಿಂದಿಟ್ಟಳು. ಕೆರಿಯ ಕೊಯ್ದ ತುದಿಗೆ ತನ್ನ ಟವೆಲ್ ಸುತ್ತಿ, ಆ ತುದಿಯನ್ನು ಎದೆಗೆ ಒತ್ತಿ ಹಿಡಿದು, ಕಂಬವನ್ನು ಮಗಳ ಕಡೆ ಚಾಚಿದ.

"ಹಿಡ್ಕ ಮಗಾ," ಎಂದ.

ಕಾವ್ಯಶ್ರೀ ಸುಬ್ಬಿಯ ಹೆಸರಿನ ಮೇಲೆಯೇ ಕೈಯಿಟ್ಟು ಬಿಗಿಯಾಗಿ ಹಿಡಿದಳು. ಅಕ್ಷರಗಳು ಅಂಗೈಗೆ ಒತ್ತಿದವು. ಒಂದು ಕಾಲು ಇಟ್ಟಳು, ಲಾಂಚು ಆಡಿತು, ಕೆರಿಯ ಆಡಲಿಲ್ಲ. ಇನ್ನೊಂದು ಕಾಲು ಇಟ್ಟು ಒಳಗೆ ಬಂದು ಹಲಗೆಯ ಮೇಲೆ ಕೂತಳು. ಹಿಂದಿನಿಂದ ಸುನೀಲನೂ ಹತ್ತಿದ. ಹೊನ್ನಿ ಡಬ್ಬಿ ತೆರೆದು ಕಡುಬು ಮುರಿದು ಮಗಳ ಬಾಯಿಗಿಟ್ಟಳು. ಇಂಜಿನ್ ಹಾಕು, ಹೊತ್ತಾತು ಎಂದು ಗಂಡನಿಗೆ ಹೇಳಿದಳು. ಕೆರಿಯನೂ ಇಂಜಿನ್ನಿನ ಕಡೆ ಹೋಗಬೇಕೆಂದೇ ಇದ್ದ. ಆದರೆ ಮಗಳು ಇನ್ನೂ ಕಂಬದ ಆ ತುದಿಯನ್ನು ಬಿಟ್ಟಿರಲಿಲ್ಲ, ಅವಳು ಬಿಡುವವರೆಗೆ ಅವನೂ ಈ ತುದಿಯನ್ನು ಬಿಡಲಿಲ್ಲ.